ಬೇಸಿಗೆಯ ಮಡುವಿನಲ್ಲಿ ಒಂದು ಹೆಣ್ಣಾಮೆ: ಹರಿಹರದ ಹೊಳೆಯ ಪ್ರಕರಣ

ತುಂಗಭದ್ರೆಯಲ್ಲಿ ಒಂದು ದೊಡ್ಡ ಆಮೆ ಮೀನಿನ ಬಲೆಗೆ ಬಿತ್ತು. ಅದೇ ದಿನ ಸಂಜೆ ಅದನ್ನು ವಾಪಸ್ ಹೊಳೆಗೆ ಬಿಟ್ಟೆವು. ನಡೆದದ್ದು ಇಷ್ಟೇ. ಆದರೆ ಬೆಳಿಗ್ಗೆಯಿಂದ ಸಂಜೆವರೆಗೆ ಎದ್ದ ಪ್ರಶ್ನೆಗಳು, ಆಮೇಲೆ ಆ ಊರಲ್ಲಿ ನಡೆದ ಮಾತುಕತೆ, ಇವು ಹೊಳೆದಂಡೆಯ ಬೇರೆ ಊರುಗಳಿಗೂ ಬೇಕಾಗುತ್ತವೆ. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ನಾನು ಹರಿಹರ ತಾಲ್ಲೂಕಿನಲ್ಲಿ ಮೇಷ್ಟ್ರು. ಹೊಳೆ ನೋಡುತ್ತಾ ಬೆಳೆದವನು. ಊರಿನ ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ದೊಡ್ಡ ಆಮೆ ಎಲ್ಲಿದೆ ಅಂತ ಗೊತ್ತಾದರೆ ಹುಡುಕಿಕೊಂಡು ಬರುವವರು ಇದ್ದಾರೆ. ಹರಿಹರ ಮತ್ತು ಹೊನ್ನಾಳಿ ನಡುವಿನ ಒಂದು ಹಳ್ಳಿ, ಅಷ್ಟು ಸಾಕು.

ಏಪ್ರಿಲ್ ತಿಂಗಳು. ಹೊಳೆ ಸಣಕಲಾಗಿತ್ತು. ಬಂಡೆಗಳೆಲ್ಲ ಮೇಲೆದ್ದಿದ್ದವು. ನಡುವೆ ಅಲ್ಲಲ್ಲಿ ಮಡು, ಮಡುವಿನಿಂದ ಮಡುವಿಗೆ ಮೊಣಕಾಲುದ್ದದ ಹರಿವು. ಆ ಊರಿನ ಒಬ್ಬ ಹಿರಿಯ ಮೀನುಗಾರರು ರಾತ್ರಿ ಬಲೆ ಕಟ್ಟಿ ಹೋಗಿದ್ದರು. ನಸುಕಿಗೆ ಬಂದು ಎತ್ತಿದರೆ ಬಲೆ ಏಳಲಿಲ್ಲ. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಫೋನ್ ಮಾಡಿದ.

"ಮೇಷ್ಟ್ರೇ, ಬಲ್ಯಾಗೆ ದೊಡ್ದೊಂದು ಆಮೆ ಬಿದ್ದೈತೆ. ಬಲೆ ಪೂರಾ ಹರ್ದೈತೆ. ಜನ ಸೇರ್ಯಾರೆ. ಲಗೂ ಬರ್ರಿ."

ನಾನು ಹೋಗುವ ಹೊತ್ತಿಗೆ ಆಮೆ ದಡದ ಮೇಲೆ, ಗೋಣಿಚೀಲದ ಮೇಲಿತ್ತು. ಚಿಪ್ಪು ಎರಡು ಗೇಣಿಗೂ ಜಾಸ್ತಿ ಉದ್ದ. ಚಪ್ಪಟೆ. ಗಟ್ಟಿ ಹಲ್ಲೆಗಳಿಲ್ಲ, ಚರ್ಮದ ಹೊದಿಕೆ. ಅಂಚು ಮುಟ್ಟಿದರೆ ಬಾಗುತ್ತದೆ. ಮೂತಿ ಸಣ್ಣ ಕೊಳವೆಯಂತೆ ಮುಂದಕ್ಕೆ ಚಾಚಿದೆ. ತಲೆ ಹಸಿರು ಛಾಯೆಯದು. ಕಣ್ಣುಗಳ ನಡುವಿನಿಂದ ಕುತ್ತಿಗೆಯವರೆಗೆ ಒಂದು ಕಪ್ಪು ಗೆರೆ, ಅದರಿಂದ ಎರಡೂ ಬದಿಗೆ ಓರೆಯಾಗಿ ಇಳಿದ ಗೆರೆಗಳು. ಕಾಲಿಗೆ ಮೂರು ಮೂರು ಉಗುರು. ಬಾಲ ಗಿಡ್ಡ, ಚಿಪ್ಪಿನ ಅಂಚು ದಾಟಿರಲಿಲ್ಲ. ಗಂಡಿಗಾದರೆ ಬಾಲ ಉದ್ದ, ದಪ್ಪ. ಹಾಗಾಗಿ ಇದು ಹೆಣ್ಣು.

ಫೋಟೊ ತೆಗೆದು ಆಮೆಗಳ ಬಗ್ಗೆ ತಿಳಿದ ಗೆಳೆಯರೊಬ್ಬರಿಗೆ ಕಳಿಸಿದೆ. ಅವರೂ ಅದನ್ನೇ ಹೇಳಿದರು. ಲೀತ್‌ನ ಮೆದುಚಿಪ್ಪಿನ ಆಮೆ. ವಿಜ್ಞಾನದ ಹೆಸರು ನಿಲ್ಸೋನಿಯಾ ಲೀಥಿಯೈ. ಭಾರತ ಪರ್ಯಾಯದ್ವೀಪದ ಹೊಳೆಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಜೀವ.

ಹೊಳೆಯ ಕಥೆ

ಆಮೆಯ ವಿಷಯಕ್ಕೆ ಹೋಗುವ ಮೊದಲು ಹೊಳೆಯದ್ದು ಹೇಳಬೇಕು. ಅದು ಗೊತ್ತಿಲ್ಲದೆ ಆಮೆ ಆ ಮಡುವಿಗೆ ಯಾಕೆ ಬಂತು ಅನ್ನೋದು ಅರ್ಥವಾಗುವುದಿಲ್ಲ.

ತುಂಗೆ, ಭದ್ರೆ ಎರಡೂ ಕುದುರೆಮುಖದ ಕಡೆಯ ಗಂಗಾಮೂಲದಲ್ಲಿ ಹುಟ್ಟುತ್ತವೆ. ಬೇರೆ ಬೇರೆ ದಾರಿ ಹಿಡಿದು ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಒಂದಾಗುತ್ತವೆ. ಅಲ್ಲಿಂದ ಕೃಷ್ಣೆ ಸೇರುವವರೆಗೆ 531 ಕಿಲೋಮೀಟರ್. ಮಲೆನಾಡಿನಲ್ಲಿ ಮಳೆ ಸುರಿದರೆ ಹೊನ್ನಾಳಿ, ಹರಿಹರದಲ್ಲಿ ಹೊಳೆ ಕೆಂಪಾಗಿ ಎರಡೂ ದಡ ತುಂಬುತ್ತದೆ. ನಮ್ಮಲ್ಲಿ ಮಳೆ ಬಾರದಿದ್ದರೂ ಹೊಸನೀರು ಬರುತ್ತದೆ. ಬಯಲುಸೀಮೆಯ ಊರಿಗೆ ಮಲೆನಾಡಿನ ಹೊಳೆ ಸಿಕ್ಕಿರುವುದು ನಮ್ಮ ಭಾಗ್ಯ.

ಹರಿಹರದಲ್ಲಿ ಹರಿಹರೇಶ್ವರನ ಗುಡಿ ಎದ್ದದ್ದು ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ. ಅವನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ. ಆಮೇಲೆ ಬಹಳ ಕಾಲ ಈ ಹೊಳೆ ಗಡಿಯಾಗಿತ್ತು. ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. 1956ರಲ್ಲಿ ಎರಡೂ ದಡ ಒಂದೇ ರಾಜ್ಯಕ್ಕೆ ಬಂದವು. ಆದರೂ ಗಡಿ ಪೂರ್ತಿ ಹೋಗಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚಿತ್ರದುರ್ಗದಿಂದ ಹರಿಹರ, ಶಿವಮೊಗ್ಗದಿಂದ ಹೊನ್ನಾಳಿ ಇದಕ್ಕೆ ಸೇರಿದವು. ಎದುರು ದಡದ ರಾಣೆಬೆನ್ನೂರು ಹಾವೇರಿ ಜಿಲ್ಲೆಗೆ ಹೋಯಿತು. ಹೀಗಾಗಿ ಹರಿಹರದ ಹತ್ತಿರ ಹೊಳೆಯ ನಡುನೀರಿನಲ್ಲಿ ಜಿಲ್ಲೆಯ ಗೆರೆ ಹಾಯುತ್ತದೆ. ಈಚೆ ದಡಕ್ಕೆ ಒಂದು ಅರಣ್ಯ ಕಚೇರಿ, ಆಚೆ ದಡಕ್ಕೆ ಇನ್ನೊಂದು. ಮೀನುಗಾರಿಕೆ ಇಲಾಖೆ, ಗಣಿ ಇಲಾಖೆ, ಪೊಲೀಸ್ ಠಾಣೆ, ಎಲ್ಲವೂ ಎರಡೆರಡು. ಈ ವಿಷಯಕ್ಕೆ ಆಮೇಲೆ ಮತ್ತೆ ಬರಬೇಕಾಗುತ್ತದೆ.

ಹೊಳೆ ಕೆಟ್ಟ ಕಥೆಗೂ ಎರಡು ದಡ ಇವೆ. ಮೇಲೆ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1920ರ ದಶಕದಲ್ಲಿ, ಕಾಗದದ ಕಾರ್ಖಾನೆ 1930ರ ದಶಕದಲ್ಲಿ ಬಂದವು. ಹರಿಹರದ ಎದುರಿಗೆ ಕುಮಾರಪಟ್ಟಣದಲ್ಲಿ ಪಲ್ಪ್ ಮತ್ತು ನಾರಿನ ಕಾರ್ಖಾನೆ 1970ರ ದಶಕದಲ್ಲಿ ಶುರುವಾಯಿತು. 1980ರ ದಶಕದಲ್ಲಿ ಕೆಳಗಿನ ಊರುಗಳಲ್ಲಿ ಮೀನು ಸತ್ತು ತೇಲಿದವು, ಜನ ಎದ್ದುನಿಂತರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಈ ಹೋರಾಟವನ್ನು ನ್ಯಾಯಾಲಯದವರೆಗೂ ಒಯ್ದಿತು. ಅದೇ ಕಾರ್ಖಾನೆಗೆ ಮರ ಒದಗಿಸಲು ಗೋಮಾಳಗಳಲ್ಲಿ ನೀಲಗಿರಿ ನೆಡಲು ಹೊರಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಬೇರೆ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಅಂತಲೇ ಅದು ನೆನಪಿನಲ್ಲಿದೆ. ಕರ್ನಾಟಕದಲ್ಲಿ ಹೊಳೆಗಾಗಿ ಮೀನುಗಾರರೂ ರೈತರೂ ಒಟ್ಟಿಗೆ ದನಿ ಎತ್ತಿದ ದೊಡ್ಡ ಪ್ರಸಂಗ ಅದು. ನಮ್ಮ ಮಕ್ಕಳಿಗೆ ಅದು ಪಾಠದಲ್ಲಿ ಸಿಗಬೇಕು, ಅಲ್ವಾ? ಸಿಗುವುದಿಲ್ಲ.

ಆ ಹೋರಾಟದಲ್ಲಿ ಸತ್ತ ಮೀನು ಎಲ್ಲರ ಕಣ್ಣಿಗೆ ಬಿತ್ತು. ಆಮೆ ಬೀಳಲಿಲ್ಲ. ಮೀನು ಸತ್ತರೆ ಒಂದೇ ದಿನಕ್ಕೆ ರಾಶಿಯಾಗಿ ತೇಲುತ್ತದೆ. ಆಮೆ ಹಾಗಲ್ಲ. ಒಂದು ವರ್ಷ ಒಂದು ಕಮ್ಮಿ, ಮುಂದಿನ ವರ್ಷ ಇನ್ನೊಂದು ಕಮ್ಮಿ. ಯಾರೂ ಲೆಕ್ಕ ಇಡುವುದಿಲ್ಲ.

ಈ ಆಮೆ ಎಂಥದ್ದು

ನಮ್ಮ ಕಡೆ ಸಾಮಾನ್ಯವಾಗಿ ಮೂರು ಬಗೆಯ ನೀರಾಮೆಗಳ ಮಾತು ಬರುತ್ತದೆ. ಗಟ್ಟಿ ಚಿಪ್ಪಿನ ಕರಿ ಆಮೆ ಒಂದು, ಕೆರೆ ಬಾವಿಗಳಲ್ಲಿ ಕಾಣುತ್ತದೆ. ಎರಡನೆಯದು ಕಾಲು ಒಳಗೆಳೆದುಕೊಂಡರೆ ಹೊಟ್ಟೆಯ ಕಡೆಯ ಚರ್ಮದ ಮುಚ್ಚಳ ಮುಚ್ಚಿಕೊಳ್ಳುವ ಸಣ್ಣ ಮೆದುಚಿಪ್ಪಿನ ಆಮೆ. ಭದ್ರಾ ನಾಲೆಯ ಗದ್ದೆಗಳಲ್ಲಿ, ಸೂಳೆಕೆರೆ ಸುತ್ತಿನ ಹಳ್ಳಗಳಲ್ಲಿ ಸಿಗುವುದು ಇದೇ. ಗದ್ದೆ ಉಳುವಾಗ ಕೆಸರಲ್ಲಿ ಸಿಕ್ಕರೆ ಹೆಚ್ಚಿನ ರೈತರು ಎತ್ತಿ ಬದುವಿನಾಚೆ ಬಿಡುತ್ತಾರೆ. ಮೂರನೆಯದು ಹೊಳೆಯ ದೊಡ್ಡಾಮೆ, ಅಂದರೆ ಈ ಪ್ರಕರಣದ್ದು.

ಇದರ ಚಿಪ್ಪು ಸುಮಾರು ಎರಡು ಅಡಿವರೆಗೆ ಬೆಳೆಯುತ್ತದೆ. ಮರಿಗಳ ಬೆನ್ನ ಮೇಲೆ ಕಣ್ಣಿನಂಥ ಚುಕ್ಕೆಗಳಿರುತ್ತವೆ, ಬೆಳೆದಂತೆ ಮಾಸುತ್ತವೆ. ಹಗಲು ಹೊತ್ತು ಮರಳಲ್ಲೋ ಕೆಸರಲ್ಲೋ ಹುದುಗಿ, ಮೂತಿ ಮಾತ್ರ ಮೇಲೆ ಚಾಚಿ ಉಸಿರಾಡುತ್ತದೆ. ಏಡಿ, ಬಸವನಹುಳು, ಮೀನು, ಸೊಳ್ಳೆಮರಿ ಎಲ್ಲ ತಿನ್ನುತ್ತದೆ. ಸತ್ತು ಕೊಳೆತ ಪ್ರಾಣಿಯನ್ನೂ ಬಿಡುವುದಿಲ್ಲ. ಹೊಳೆಯೊಳಗೆ ಆ ಕೆಲಸ ಮಾಡುವವರು ಕಮ್ಮಿ. ಬೇಸಿಗೆಯಲ್ಲಿ ನಿಂತ ಮಡುವಿಗೆ ಇಂಥ ಒಂದು ಜೀವ ಇದೆಯೋ ಇಲ್ಲವೋ ಅನ್ನೋದರ ಮೇಲೆ ಆ ನೀರಿನ ಗುಣವೂ ನಿಂತಿರುತ್ತದೆ.

ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ತೂಗುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಇದು ಈಗ ತೀವ್ರ ಅಪಾಯದಲ್ಲಿರುವ ಜೀವಿ, ಅಂದರೆ ಅಳಿವಿಗೆ ಒಂದೇ ಹೆಜ್ಜೆ ಹಿಂದೆ. ಕಳೆದ ಮೂವತ್ತು ವರ್ಷಗಳಲ್ಲಿ ಇದರ ಸಂಖ್ಯೆ ಶೇ. 90ರಷ್ಟು ಕುಸಿದಿದೆ ಎಂಬ ಅಂದಾಜಿದೆ. 2022ರ ನವೆಂಬರ್‌ನಲ್ಲಿ ಪನಾಮಾದಲ್ಲಿ ನಡೆದ ಸೈಟಿಸ್ (ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ದೇಶದೇಶಗಳ ಒಪ್ಪಂದ) ಸಭೆಯಲ್ಲಿ ಭಾರತ ಪ್ರಸ್ತಾಪ ಮಂಡಿಸಿ, ಇದನ್ನು ಎರಡನೇ ಪಟ್ಟಿಯಿಂದ ಮೊದಲ ಪಟ್ಟಿಗೆ ಏರಿಸಿತು. ಹಾಗಾಗಿ ದೇಶದೇಶಗಳ ನಡುವೆ ಇದರ ವ್ಯಾಪಾರ ಈಗ ಪೂರ್ತಿ ನಿಷೇಧ. ಮಾಂಸಕ್ಕೆ ಒಂದು ಕಡೆ ಬೇಡಿಕೆ, ಚಿಪ್ಪಿನ ಅಂಚಿನ ಮೆದು ಭಾಗವನ್ನು ಒಣಗಿಸಿ ಹೊರದೇಶಕ್ಕೆ ಸಾಗಿಸುವವರದ್ದು ಇನ್ನೊಂದು ಕಡೆ. ಒಟ್ಟಾರೆ ಭಾರತದಲ್ಲಿ 2009ರಿಂದ 2019ರ ನಡುವೆ ಹಿಡಿದು ವಶಪಡಿಸಿಕೊಂಡ ಆಮೆಗಳೇ 1,11,310 ಎಂದು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ ಲೆಕ್ಕ ಹಾಕಿದೆ. ಅದು ಸಿಕ್ಕಿಬಿದ್ದವರ ಲೆಕ್ಕ ಮಾತ್ರ.

ನಮ್ಮ ಹಿರಿಯರು ಕೂರ್ಮದೃಷ್ಟಿ ಅನ್ನುತ್ತಾರೆ. ತಾಯಿ ಆಮೆ ದೂರ ನಿಂತು ನೋಟದಿಂದಲೇ ಮರಿ ಸಾಕುತ್ತದೆ ಎಂಬ ನಂಬಿಕೆ. ಕೇಳಲು ಎಷ್ಟು ಚೆಂದ. ಆದರೆ ಹೊಳೆಯಲ್ಲಿ ನಡೆಯುವುದು ಬೇರೆ. ತಾಯಿ ದಡದ ಮರಳಿಗೋ ಮಣ್ಣಿಗೋ ಬಂದು ಗುಂಡಿ ತೋಡಿ ಮೊಟ್ಟೆ ಇಟ್ಟು, ಮುಚ್ಚಿ, ನೀರಿಗೆ ಹೋಗಿಬಿಡುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ. ಮೊಟ್ಟೆ ಕಾಯುವುದು ಮರಳಿನ ಬಿಸಿ. ಮುಂಗುಸಿ, ಉಡ, ನರಿ, ನಾಯಿ, ಕಾಗೆ ಮೊಟ್ಟೆಗಳಲ್ಲಿ ಹೆಚ್ಚಿನ ಪಾಲು ತಿಂದು ಮುಗಿಸುತ್ತವೆ. ಹೊರಬಂದ ಮರಿಗಳಿಗೆ ಮೀನು, ಹಕ್ಕಿ ಕಾಟ. ಇಷ್ಟೆಲ್ಲ ದಾಟಿ ದೊಡ್ಡದಾಗುವುದು ಎಲ್ಲೋ ಒಂದು. ಅದು ಮೊಟ್ಟೆ ಇಡುವಷ್ಟು ಬೆಳೆಯಲು ಹಲವು ವರ್ಷ ಬೇಕು.

ಇಂಥ ಜೀವದ ಲೆಕ್ಕವೇ ಬೇರೆ. ಮೊಟ್ಟೆ, ಮರಿ ಹೋದರೆ ಅದು ಮೊದಲೇ ಲೆಕ್ಕದಲ್ಲಿ ಇರುವ ನಷ್ಟ. ಬೆಳೆದ ಹೆಣ್ಣು ಹೋದರೆ ತುಂಬುವುದು ಬಹಳ ಕಷ್ಟ. ಅದು ವರ್ಷ ವರ್ಷ ಮೊಟ್ಟೆ ಇಡುತ್ತಾ ಹೋದರೆ ಮಾತ್ರ ಒಂದೆರಡು ಮರಿ ಉಳಿದು ಸಂತತಿ ಮುಂದುವರಿಯುತ್ತದೆ. ಆ ಏಪ್ರಿಲ್ ಬೆಳಿಗ್ಗೆ ಗೋಣಿಚೀಲದ ಮೇಲಿದ್ದದ್ದು ಅಂಥ ಒಂದು ಹೆಣ್ಣು. ನಾನು ಆ ದಿನದಿಂದ ಹೇಳುತ್ತಾ ಬಂದಿರುವುದು ಒಂದೇ ಮಾತು: ಸಾವಿರ ಮರಿ ಸಾಕಿ ಬಿಡುವುದಕ್ಕಿಂತ ಮೊದಲು, ಬೇಸಿಗೆಯ ಮೂರು ತಿಂಗಳು ಮಡುಗಳಲ್ಲಿ ಬೆಳೆದ ಆಮೆ ಸಾಯದಂತೆ ನೋಡಿಕೊಳ್ಳಬೇಕು.

ಮಡುವಿಗೇ ಯಾಕೆ ಬಂತು

ಮಳೆಗಾಲದಲ್ಲಿ ಈ ಆಮೆಗೆ ಇಡೀ ಹೊಳೆ ಇದೆ. ಬಲೆಗೆ ಸಿಗುವುದು ಕಮ್ಮಿ. ಬೇಸಿಗೆಯಲ್ಲಿ ಹೊಳೆ ಕುಗ್ಗುತ್ತದೆ. ಮೀನು, ಆಮೆ, ನೀರುನಾಯಿ ಎಲ್ಲ ಉಳಿದ ಮಡುಗಳಿಗೆ ಸೇರುತ್ತವೆ. ಅದೇ ಮಡುವಿಗೆ ಮೀನುಗಾರರ ಬಲೆಯೂ ಬರುತ್ತದೆ, ರೈತರ ಪಂಪ್‌ಸೆಟ್ಟೂ ಬರುತ್ತದೆ, ಊರಿನ ಕುಡಿಯುವ ನೀರಿನ ಜಾಕ್‌ವೆಲ್ಲೂ ಅಲ್ಲೇ ಇರುತ್ತದೆ. ಎಲ್ಲರ ಬಾಯಾರಿಕೆಗೂ ಒಂದೇ ಗುಂಡಿ.

ಹೊಳೆ ಹಿಂದೆಯೂ ಬೇಸಿಗೆಯಲ್ಲಿ ಕುಗ್ಗುತ್ತಿತ್ತು. ಈಗ ಕುಗ್ಗುವ ರೀತಿ ಬೇರೆ. ಲಕ್ಕವಳ್ಳಿಯ ಭದ್ರಾ ಜಲಾಶಯ 1960ರ ದಶಕದಲ್ಲಿ ಮುಗಿಯಿತು. ಅಲ್ಲಿಂದ ಬೇಸಿಗೆ ಬೆಳೆಗೆ ನೀರು ನಾಲೆಯಲ್ಲಿ ಹರಿಯುತ್ತದೆ, ಹೊಳೆಯಲ್ಲಲ್ಲ. ದಾವಣಗೆರೆ ಸುತ್ತ ಹಸಿರು ಕಾಣುವುದು ಈ ನೀರಿನಿಂದ. ನಮ್ಮ ಮನೆಯ ಅನ್ನವೂ ಅದೇ, ಮಂಡಕ್ಕಿಯೂ ಅದೇ. ನಾನು ಅದನ್ನು ಬೇಡ ಅನ್ನುವವನಲ್ಲ. ಹೊಳೆಗೆ ಸಿಗುವುದು ಕೆಳಗಿನ ಊರುಗಳ ಕುಡಿಯುವ ನೀರಿಗೆಂದು ಆಗಾಗ ಬಿಡುವ ನೀರು. ಅದು ಒಮ್ಮೆಲೇ ಬರುತ್ತದೆ, ಒಮ್ಮೆಲೇ ನಿಲ್ಲುತ್ತದೆ. ಮರಳ ದಿಬ್ಬದಲ್ಲಿ ಮೊಟ್ಟೆ ಇದ್ದರೆ ಆ ರಾತ್ರಿ ಮುಳುಗಿ ಹಾಳಾಗುತ್ತದೆ. ನೀರು ಬಿಡುವುದು ತಪ್ಪಲ್ಲ. ಎರಡು ಮೂರು ದಿನದಲ್ಲಿ ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸಿದರೆ ಹೊಳೆಯ ಜೀವಗಳಿಗೆ ಸರಿದುಕೊಳ್ಳಲು ಸಮಯ ಸಿಗುತ್ತದೆ.

ಇನ್ನು ಮರಳು. ಇದರ ಬಗ್ಗೆ ನಮ್ಮ ತಾಲ್ಲೂಕಿನಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಮರಳು ತೆಗೆದರೆ ಮೊಟ್ಟೆ ಇಡುವ ಜಾಗ ಹೋಗುತ್ತದೆ ಅನ್ನೋದು ಎಲ್ಲರಿಗೂ ಹೊಳೆಯುತ್ತದೆ. ಇನ್ನೊಂದು ವಿಷಯ ಅಷ್ಟಾಗಿ ಹೊಳೆಯುವುದಿಲ್ಲ. ಮರಳು ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಮಡುವಿಗೆ ಒಸರುತ್ತಾ ಇರುತ್ತದೆ. ಮರಳು ಹೋಗಿ ಬರೀ ಬಂಡೆ, ಜೇಡಿ ಉಳಿದರೆ ಆ ಒಸರು ನಿಲ್ಲುತ್ತದೆ. ಮಡು ಬೇಗ ಬತ್ತುತ್ತದೆ. ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಮರಳು ತೆಗೆಯಲು ಮಾರ್ಗಸೂಚಿ ತಂದಿದೆ. ರಾತ್ರಿ ಹೊತ್ತು ಹೊಳೆದಂಡೆಗೆ ಆ ಮಾರ್ಗಸೂಚಿ ಇಳಿದುಬರುವುದಿಲ್ಲ.

ಕೆಳಗಡೆಯೂ ದಾರಿ ಇಲ್ಲ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ ಹೊಳೆ ಎರಡು ತುಂಡಾಯಿತು. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಸರ್ಕಾರ ಘೋಷಿಸಿದೆ. ನೀರುನಾಯಿಗೆ ದೇಶದಲ್ಲೇ ಮೊದಲ ಮೀಸಲು ಅದು. ಲೀತ್‌ನ ಆಮೆಗೂ ಅಲ್ಲಿ ನೆಲೆ ಸಿಕ್ಕಿದೆ. ಅದೇ ಹೊಳೆ, ಅದೇ ಆಮೆ. ಅಣೆಕಟ್ಟಿನ ಮೇಲೆ, ನಮ್ಮ ಪಾಲಿನ ಹೊಳೆಗೆ ಅಂಥ ಹೆಸರು ಇಲ್ಲ. ಇಲ್ಲಿನ ಆಮೆ ಅಲ್ಲಿಗೆ ಹೋಗುವ ಹಾಗೂ ಇಲ್ಲ.

ಆ ದಿನದ ತೀರ್ಮಾನ

ದಡದಲ್ಲಿ ಸೇರಿದ ಜನ ಒಂದೊಂದು ಹೇಳಿದರು. ಪಕ್ಕದ ಊರಿಂದ ಬಂದವರೊಬ್ಬರು ಮೂಲವ್ಯಾಧಿಗೆ ಇದರ ಮಾಂಸ ಒಳ್ಳೆಯದು, ದುಡ್ಡು ಕೊಡ್ತೀನಿ ಅಂದರು. ಇದಕ್ಕೆ ಯಾವ ಆಧಾರವೂ ಇಲ್ಲ. ಹೆಂಗಸರೊಬ್ಬರು ಅರಿಶಿನ ಕುಂಕುಮ ತಂದು ಚಿಪ್ಪಿಗೆ ಹಚ್ಚಿದರು. "ವಿಷ್ಣು ಅವತಾರ ಐತಪ್ಪ, ಗುಡಿ ಕಲ್ಯಾಣಿಗೆ ಬಿಟ್ಬಿಡ್ರಿ" ಅಂದರು. ಯುವಕರು ಸೂಳೆಕೆರೆಗೆ ಒಯ್ಯೋಣ, ಅಲ್ಲಿ ನೀರು ಜಾಸ್ತಿ ಅಂದರು. ಕುಂದವಾಡ ಕೆರೆ ಅಂದವರೂ ಇದ್ದರು.

ಅಜ್ಜಾರು, ಅಂದರೆ ಬಲೆಯ ಯಜಮಾನರು, ಮಾತಾಡಲಿಲ್ಲ. ನಾನು ಫಾರೆಸ್ಟ್‌ನವರಿಗೆ ಫೋನ್ ಮಾಡ್ತೀನಿ ಅಂದಾಗ ಮಾತ್ರ ಗಾಬರಿಯಾದರು. "ಮೇಷ್ಟ್ರೇ, ನನ್ ಮ್ಯಾಲೆ ಕೇಸ್ ಹಾಕಿದ್ರೆ? ನಾನು ಹಿಡೀಬೇಕು ಅಂತ ಹಿಡಿದಿಲ್ಲ. ಸುಮ್ನೆ ನೀರಿಗೆ ಬಿಟ್ಬಿಡಾನ."

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದೇ ಅಂತ ನನ್ನ ಅನಿಸಿಕೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಕಳ್ಳಸಾಗಣೆಯವರಿಗೆ ಈ ಭಯ ಬೇಕು. ಆದರೆ ಆ ಭಯ ಮೊದಲು ತಟ್ಟುವುದು ಅರಿಯದೆ ಆಮೆ ಸಿಕ್ಕಿಹಾಕಿಕೊಂಡ ಮೀನುಗಾರನಿಗೆ. ಅವನು ಹೆದರಿ ಬಾಯಿ ಮುಚ್ಚಿಕೊಂಡರೆ ಆಮೆ ಎಲ್ಲಿದೆ, ಎಷ್ಟಿದೆ ಅನ್ನೋದು ಯಾರಿಗೂ ತಿಳಿಯುವುದಿಲ್ಲ. ಹೊಳೆಯ ವಿಷಯ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಅವನನ್ನು ಹೆದರಿಸಿ ಆಮೆ ಉಳಿಸಲು ಆಗುವುದಿಲ್ಲ.

ಬಂದ ಅರಣ್ಯ ಸಿಬ್ಬಂದಿ ಒಳ್ಳೆಯವರು. ಅಜ್ಜಾರನ್ನು ಕೂರಿಸಿ, "ನೀವು ಹೇಳಿದ್ದಕ್ಕೇ ಇದು ಬದುಕಿದ್ದು, ನಿಮಗೇನೂ ಆಗಲ್ಲ ಅಜ್ಜಾ" ಅಂತ ಎಲ್ಲರ ಎದುರೇ ಹೇಳಿದರು. ಆ ಒಂದು ಮಾತಿನಿಂದ ಆದ ಉಪಯೋಗ ದೊಡ್ಡದು.

ಆಮೇಲೆ ಎಲ್ಲಿ ಬಿಡುವುದು ಅನ್ನುವ ಚರ್ಚೆ. ಕಲ್ಯಾಣಿ ಆಗದು. ಕಲ್ಲಿನ ಮೆಟ್ಟಿಲಿನ ನಡುವೆ ಇದಕ್ಕೆ ಹುದುಗಲು ಮರಳಿಲ್ಲ, ಮೊಟ್ಟೆ ಇಡಲು ದಡವಿಲ್ಲ. ಸೂಳೆಕೆರೆ ದೊಡ್ಡದೇ. ಆದರೆ ಒಂದು ಕಡೆಯ ಆಮೆಯನ್ನು ಇನ್ನೊಂದು ಕಡೆ ಬಿಟ್ಟರೆ ರೋಗವೂ ಜೊತೆಗೆ ಹೋಗಬಹುದು. ಅದಕ್ಕಿಂತ ಮುಖ್ಯ, ಈ ಹೊಳೆಯಲ್ಲಿ ಉಳಿದಿರುವ ಕೆಲವೇ ಹೆಣ್ಣುಗಳಲ್ಲಿ ಒಂದನ್ನು ನಾವೇ ಕೈಯಾರೆ ತೆಗೆದಂತಾಗುತ್ತದೆ. ಊರ ಕೆಳಗೆ ಬಿಡೋಣ ಅಂದರೆ ಅಲ್ಲಿ ಪಟ್ಟಣದ ಚರಂಡಿ ನೀರು. ಸಿಕ್ಕ ಮಡುವಿಗೇ ಬಿಡುವುದು ಸರಿಯಾದ ಕ್ರಮ. ಆದರೆ ಆ ಮಡುವಿನಲ್ಲಿ ಆಗಲೇ ಬೇರೆಯವರ ಬಲೆಗಳು ಇಳಿದಿದ್ದವು. ಪಂಪು ಹಗಲು ರಾತ್ರಿ ಓಡುತ್ತಿತ್ತು.

ದಾರಿ ತೋರಿಸಿದ್ದು ಅಜ್ಜಾರೇ. ಮೇಲಕ್ಕೆ ಸ್ವಲ್ಪ ದೂರದಲ್ಲಿ ಬಂಡೆಗಳ ನಡುವೆ ಇನ್ನೊಂದು ಮಡು ಇದೆ, ಎಂಥ ಬರಗಾಲದಲ್ಲೂ ಅದು ಬತ್ತಿದ್ದು ಕಂಡಿಲ್ಲ, ಅಲ್ಲಿ ಬಲೆ ಕಲ್ಲಿಗೆ ಸಿಕ್ಕುತ್ತದೆ ಅಂತ ಯಾರೂ ಹಾಕುವುದಿಲ್ಲ ಅಂದರು. ಒಂದೇ ಹೊಳೆ, ಒಂದೇ ಹರಿವು. ಅರಣ್ಯದವರು ಒಪ್ಪಿದರು. ಸಂಜೆವರೆಗೆ ಒದ್ದೆ ಗೋಣಿಚೀಲ ಹೊದಿಸಿ ನೆರಳಿನಲ್ಲಿಟ್ಟೆವು. ಪಶುವೈದ್ಯರು ಬಂದು ಗಾಯ ನೋಡಿದರು. ಕುತ್ತಿಗೆಗೆ ಬಲೆಯ ನೂಲು ಕೊರೆದಿತ್ತು, ಒಳಗೆ ಗಾಳ ಇರಲಿಲ್ಲ. ಬಿಸಿಲು ಇಳಿದ ಮೇಲೆ ತೆಪ್ಪದಲ್ಲಿ ಒಯ್ದು, ದಡದ ಆಳವಿಲ್ಲದ ನೀರಿನಲ್ಲಿ ಇಳಿಸಿದೆವು. ದಣಿದ ಆಮೆಯನ್ನು ನೇರ ಆಳಕ್ಕೆ ಹಾಕಬಾರದು, ಮೇಲೆ ಬಂದು ಉಸಿರಾಡುವ ಶಕ್ತಿ ಇಲ್ಲದಿದ್ದರೆ ಮುಳುಗಿ ಸಾಯುತ್ತದೆ. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಮರಳು ಕೆದರಿ ಒಳಗೆ ಹೋಯಿತು.

ಇಲ್ಲಿ ಒಂದು ಮಾತು ಸೇರಿಸಬೇಕು. ದೊಡ್ಡ ಮೆದುಚಿಪ್ಪಿನ ಆಮೆ ಕಚ್ಚುತ್ತದೆ. ಅದರ ಕುತ್ತಿಗೆ ನಾವು ಅಂದುಕೊಂಡದ್ದಕ್ಕಿಂತ ಬಹಳ ಉದ್ದ, ಹಿಂದಕ್ಕೂ ಬರುತ್ತದೆ. ಬದಿಯಲ್ಲಿ ಹಿಡಿಯಬಾರದು. ಹಿಂಗಾಲಿನ ಹತ್ತಿರ ಹಿಡಿಯಬೇಕು, ಮುಖದ ಮೇಲೆ ಒದ್ದೆ ಬಟ್ಟೆ ಹಾಕಿದರೆ ಶಾಂತವಾಗುತ್ತದೆ. ಬಾಯಲ್ಲಿ ಗಾಳ ಇದ್ದರೆ ದಾರ ಎಳೆಯಬಾರದು. ದಾರ ಕತ್ತರಿಸಿ ವೈದ್ಯರಿಗೆ ಬಿಡಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926 ನೆನಪಿಟ್ಟುಕೊಂಡರೆ ಒಳ್ಳೆಯದು.

ಆಮೇಲೆ ಊರಲ್ಲಿ

ಅದಾದ ಮೇಲೆ ಮೀನುಗಾರರ ಜೊತೆ ಕೂತು ಮಾತಾಡಿದೆವು. ಅವರ ಮೊದಲ ಪ್ರಶ್ನೆ ಬಲೆಯದ್ದು. ಆಮೆ ಬಿದ್ದರೆ ಬಲೆ ಹರಿಯುತ್ತದೆ, ಆ ದಿನದ ಮೀನೂ ಹೋಗುತ್ತದೆ, ಅದನ್ನು ಯಾರು ಕೊಡುತ್ತಾರೆ? ನ್ಯಾಯವಾದ ಪ್ರಶ್ನೆ. ನಾವು ಕೆಲವು ಗೆಳೆಯರು ಸೇರಿ, ಆಮೆ ಬಿದ್ದದ್ದನ್ನು ತಿಳಿಸಿ ಜೀವಂತ ಬಿಟ್ಟವರಿಗೆ ಬಲೆ ರಿಪೇರಿ ಖರ್ಚು ಕೊಡುತ್ತೇವೆ ಅಂತ ಒಪ್ಪಿದೆವು. ಅಜ್ಜಾರ ಬಲೆಯಿಂದಲೇ ಅದು ಶುರುವಾಯಿತು.

ಎರಡನೆಯದು ರಾತ್ರಿ ಬಲೆ. ಆಮೆಗೆ ಗಾಳಿ ಬೇಕು. ಸಂಜೆ ಕಟ್ಟಿದ ಬಲೆ ಬೆಳಗಿನವರೆಗೆ ನೀರೊಳಗಿದ್ದರೆ, ಅದರಲ್ಲಿ ಸಿಕ್ಕು ಒದ್ದಾಡಿದ ಆಮೆ ಉಸಿರುಗಟ್ಟಿ ಸಾಯುತ್ತದೆ. ನಮ್ಮ ಆಮೆ ಬದುಕಿದ್ದು ಬಲೆ ಆಳವಿಲ್ಲದ ಅಂಚಿನಲ್ಲಿತ್ತು ಅಂತ. ಶಿವರಾತ್ರಿಯಿಂದ ಹೊಸನೀರು ಬರುವವರೆಗೆ ಆ ಎರಡು ಮಡುಗಳಲ್ಲಿ ರಾತ್ರಿ ಬಲೆ ಬೇಡ ಅನ್ನುವ ಮಾತಿಗೆ ಊರಿನವರು ಒಪ್ಪಿದರು. ಮೇಲಿನ ಬಂಡೆಯ ಮಡುವಿಗೆ ಬಲೆಯೇ ಬೇಡ ಅಂದರು. ಒಪ್ಪಿಸಿದ್ದು ನನ್ನ ವಿಜ್ಞಾನವಲ್ಲ. ಒಬ್ಬ ಹಿರಿಯರು ಎದ್ದು, "ಶೃಂಗೇರ್ಯಾಗೆ, ತೀರ್ಥಳ್ಳಿ ಚಿಪ್ಪಲಗುಡ್ಡೆದಾಗೆ ದೇವರ ಮೀನು ಅಂತ ಯಾರೂ ಮುಟ್ಟಲ್ಲ. ಅದೂ ಇದೇ ಹೊಳಿ ನೀರು. ನಮ್ಮೂರಾಗೆ ಒಂದು ಮಡು ಬಿಡಾಕೆ ಆಗಲ್ವಾ?" ಅಂದರು. ಅಲ್ಲಿಗೆ ಮಾತು ಮುಗಿಯಿತು. ಮಡುವಿನಲ್ಲಿ ಉಳಿದ ತಾಯಿ ಮೀನು ಹೊಸನೀರಿಗೆ ಮೊಟ್ಟೆ ಇಟ್ಟರೆ ಲಾಭ ತಮಗೇ ಅನ್ನೋದು ಮೀನುಗಾರರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಸಿಡಿಮದ್ದು ಹಾಕಿ, ವಿಷ ಹಾಕಿ ಮೀನು ಹಿಡಿಯುವುದು 1897ರ ಕಾಯ್ದೆಯ ಕಾಲದಿಂದಲೇ ಅಪರಾಧ. ಅದು ಆ ಊರಿನವರ ಕೆಲಸ ಅಲ್ಲ, ಹೊರಗಿನಿಂದ ಬರುವವರದ್ದು ಅಂತ ಅವರೇ ಹೇಳಿದರು. ಬಂದರೆ ತಿಳಿಸುತ್ತೇವೆ ಅಂದರು.

ಇದರಲ್ಲಿ ನಡೆದದ್ದೂ ಇದೆ, ನಡೆಯದ್ದೂ ಇದೆ. ಬಲೆಯ ಮಾತು ಊರಿನವರು ಉಳಿಸಿಕೊಂಡರು. ಮುಂದಿನ ಬೇಸಿಗೆಯಲ್ಲಿ ಇನ್ನೊಂದು, ಇದಕ್ಕಿಂತ ಸಣ್ಣ ಆಮೆ ಹಗಲು ಬಲೆಗೆ ಬಿತ್ತು. ಹುಡುಗರು ತಾವೇ ಬಿಡಿಸಿ, ವಿಡಿಯೊ ಮಾಡಿ ನನಗೆ ಕಳಿಸಿದರು. ಆ ವಿಡಿಯೊ ಎಲ್ಲೂ ಹಾಕಬೇಡಿ ಅಂದೆ, ಹಾಕಲಿಲ್ಲ. ಆದರೆ ಎದುರು ದಡದವರಿಗೆ ಈ ಒಪ್ಪಂದ ಗೊತ್ತಿಲ್ಲ. ಅವರ ಬಲೆ ಅದೇ ಮಡುವಿಗೆ ಆಚೆಯಿಂದ ಇಳಿಯುತ್ತದೆ. ಅವರಲ್ಲಿ ಕೆಟ್ಟತನ ಏನೂ ಇಲ್ಲ, ಅವರನ್ನು ಯಾರೂ ಕರೆದೇ ಇಲ್ಲ. ಪಂಪ್‌ಸೆಟ್ ವಿಷಯದಲ್ಲಿ ನಾವು ಏನೂ ಸಾಧಿಸಲಿಲ್ಲ. ಅಡಿಕೆ ತೋಟ ಒಣಗುವಾಗ ರೈತನ ಮುಂದೆ ಆಮೆಯ ಮಾತು ಎತ್ತುವುದು ನನಗೂ ಕಷ್ಟ. ಪಂಪಿನ ಬಾಯಿಗೆ ಜಾಳಿಗೆ ಕಟ್ಟಿ ಅನ್ನುವಷ್ಟರ ಮಟ್ಟಿಗೆ ಮಾತ್ರ ಒಪ್ಪಿಸಿದ್ದೇವೆ. ಮರಳು ಲಾರಿಗಳು ಮಳೆ ಇಳಿದ ಮೇಲೆ ಮತ್ತೆ ಬಂದವು.

ಆಮೆ ಮರಿ ಸಾಕಿ ಬಿಡೋಣ, ಅದಕ್ಕೊಂದು ಕೇಂದ್ರ ಮಾಡೋಣ ಅಂತ ಉತ್ಸಾಹದಿಂದ ಬಂದವರೂ ಇದ್ದಾರೆ. ಕಾಶಿಯ ಉದಾಹರಣೆ ಅವರಿಗೆ ಹೇಳಿದೆ. ಗಂಗೆಯನ್ನು ಶುದ್ಧ ಮಾಡುವ ಯೋಜನೆಯಲ್ಲಿ ಅಲ್ಲಿ ಸಾರನಾಥದಲ್ಲಿ ಆಮೆ ಮರಿ ಸಾಕಿ ಹೊಳೆಗೆ ಬಿಟ್ಟರು. 1989ರಲ್ಲಿ ವಾರಾಣಸಿಯ 7 ಕಿಲೋಮೀಟರ್ ಗಂಗೆಯನ್ನು ಆಮೆ ಅಭಯಾರಣ್ಯ ಮಾಡಿದರು. 2020ರಲ್ಲಿ ಆ ಅಭಯಾರಣ್ಯದ ಘೋಷಣೆಯನ್ನೇ ಹಿಂತೆಗೆದುಕೊಂಡರು. ಮರಿ ಬಿಡಲು ಮೊದಲು ಜಾಗ ಬೇಕು. ಜಾಗ ಗಟ್ಟಿಯಾದ ಮೇಲೆ ಮರಿಯ ಮಾತು.

ಈಗ ಆಗಬೇಕಿರುವ ಕೆಲಸ ಸಣ್ಣದು. ಆದರೆ ಊರಿನವರ ಕೈಯಲ್ಲಿ ಇಲ್ಲ. ಕೂಡ್ಲಿಯಿಂದ ಹರಿಹರದವರೆಗೆ ಬೇಸಿಗೆಯಲ್ಲೂ ಬತ್ತದ ಮಡುಗಳು ಯಾವುವು ಅಂತ ಹಳೆಯ ಮೀನುಗಾರರನ್ನು ಕೂರಿಸಿಕೊಂಡು ಪಟ್ಟಿ ಮಾಡಬೇಕು. ಆ ಮಡುಗಳ ಸುತ್ತ ಮರಳು ತೆಗೆಯಲು ಅನುಮತಿ ಕೊಡಬಾರದು. ಮೀನುಗಾರಿಕೆ ಇಲಾಖೆಯ ಪರವಾನಗಿಯಲ್ಲೇ ಬೇಸಿಗೆಯ ರಾತ್ರಿ ಬಲೆ ಬೇಡ ಅನ್ನುವ ಒಂದು ಸಾಲು ಸೇರಬೇಕು, ಬಲೆ ನಷ್ಟಕ್ಕೆ ಪರಿಹಾರದ ಒಂದು ಸಾಲೂ ಸೇರಬೇಕು. ಮತ್ತು ಇದು ದಾವಣಗೆರೆ, ಹಾವೇರಿ ಎರಡೂ ಜಿಲ್ಲೆಗಳಿಂದ ಒಂದೇ ದಿನ ಬರಬೇಕು. ಈಚೆ ದಡದ ಕಚೇರಿಗೆ ಊರಿನ ಮೀನುಗಾರರ ಸಹಿ ಇರುವ ಮನವಿ ಕೊಟ್ಟಾಗಿದೆ. ಆಚೆ ದಡದ ಊರಿನವರ ಜೊತೆ ಕೂತು ಮಾತಾಡಿ, ಅವರ ಸಹಿಯೊಂದಿಗೆ ಇನ್ನೊಂದು ಮನವಿ ಸಿದ್ಧವಾಗಬೇಕು. ಶಿವರಾತ್ರಿಗೆ ಮೊದಲು ಆ ಕೆಲಸ ಮುಗಿಸಬೇಕು ಅಂತ ಅಜ್ಜಾರ ಮಗ ತೆಪ್ಪ ಹತ್ತಿ ಆಚೆ ದಡಕ್ಕೆ ಓಡಾಡಲು ಶುರು ಮಾಡಿದ್ದಾನೆ.